ಕಂಬ ಯಾರದು, ಕಲ್ಲು ಯಾರದು?

ಹಳೆಯ ಕಟ್ಟಡವೊಂದರ ಮುಂದೆ ನಿಂತರೆ ಸಾಕು, ನಮ್ಮಲ್ಲಿ ಇಂದು ಮೊದಲು ಏಳುವ ಪ್ರಶ್ನೆ: ಇದು ಯಾರದು? ಕಮಾನು ಯಾರದು, ಗುಮ್ಮಟ ಯಾರದು, ಕಂಬ ಯಾರದು? ಮಾತಿಗೂ ಉಡುಪಿಗೂ ಊಟಕ್ಕೂ ಇದೇ ಪ್ರಶ್ನೆ ಅಂಟಿಕೊಂಡಿದೆ. ಇದು ನಮ್ಮದು, ಅದು ಅವರದು ಎಂದು ಗೆರೆ ಎಳೆದುಬಿಟ್ಟರೆ ಸಂಸ್ಕೃತಿಯ ಲೆಕ್ಕ ಮುಗಿಯಿತು ಎಂದು ತಿಳಿದವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಎರವಲು ತಂದದ್ದು ಕಲಬೆರಕೆ, ಕಲಬೆರಕೆಯಾದದ್ದು ಕೀಳು ಎಂಬುದು ಅವರ ನಂಬಿಕೆ. ನಮ್ಮೂರಿನ ಜಗಳಗಳ ನಡುವೆ ನಿಂತು ಈ ಪ್ರಶ್ನೆ ಕೇಳಿದರೆ ಉತ್ತರ ಬರುವುದಕ್ಕೆ ಮೊದಲೇ ದನಿ ಏರುತ್ತದೆ. ಆದ್ದರಿಂದ ಸ್ವಲ್ಪ ದೂರ ಹೋಗೋಣ. ಹದಿನಾರು ಮತ್ತು ಹದಿನೇಳನೆಯ ಶತಮಾನಗಳ ಇಂಗ್ಲೆಂಡಿಗೆ ಗ್ರೀಕ್-ರೋಮನ್ ಮಾದರಿಯ ವಾಸ್ತುಶಿಲ್ಪ ಬಂದ ಕಥೆಯಲ್ಲಿ ಇದನ್ನು ಇಟ್ಟು ನೋಡೋಣ.

ಇಂದು ಲಂಡನ್ ಎಂದರೆ ನಮ್ಮ ಕಣ್ಣಿಗೆ ಬರುವುದು ಬಿಳಿ ಕಂಬಗಳು, ತ್ರಿಕೋನದ ಮುಖಮಂಟಪ, ಸೇಂಟ್ ಪಾಲ್ಸ್‌ನ ಗುಮ್ಮಟ. ಇವು ಆ ನೆಲದ ಹುಟ್ಟು ಗುಣವೇನೋ ಎಂಬಂತೆ ಕಾಣುತ್ತವೆ. ಆದರೆ 1500ರ ಹೊತ್ತಿಗೆ ಅಲ್ಲಿನ ಕಲ್ಲುಕುಟಿಗರಿಗೆ ಗೊತ್ತಿದ್ದುದು ಚೂಪು ಕಮಾನಿನ ಗಾಥಿಕ್ ಶೈಲಿ ಮಾತ್ರ. ಹೊಸ ರೀತಿಯನ್ನು ಮೊದಲು ತಂದವರು ಹೊರಗಿನವರು. ಫ್ಲಾರೆನ್ಸಿನ ಶಿಲ್ಪಿ ಟೊರಿಜಿಯಾನೊ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಏಳನೆಯ ಹೆನ್ರಿ ಮತ್ತು ಅವನ ರಾಣಿಯ ಸಮಾಧಿ ಕೆಲಸಕ್ಕೆ 1512ರಲ್ಲಿ ಒಪ್ಪಂದ ಮಾಡಿಕೊಂಡ. ಎಳೆವಯಸ್ಸಿನಲ್ಲಿ ಮೈಕೆಲ್ಯಾಂಜೆಲೊನ ಮೂಗಿಗೆ ಗುದ್ದಿ ಮುರಿದವನೆಂದು ಹೆಸರಾದ ಮನುಷ್ಯ ಈತ. ಸುತ್ತ ಗಾಥಿಕ್ ಪ್ರಾರ್ಥನಾಲಯ, ನಡುವೆ ಇಟಲಿಯ ಕೈಚಳಕದ ಸಮಾಧಿ. ಆಗ ಅದು ಯಾರಿಗೂ ಸಮಸ್ಯೆಯಾಗಿ ಕಾಣಲಿಲ್ಲ, ಏಕೆಂದರೆ ಎರಡೂ ಒಂದೇ ಚರ್ಚಿನ ನೆರಳಲ್ಲಿದ್ದವು.

ಸಮಸ್ಯೆ ಹುಟ್ಟಿದ್ದು 1534ರಲ್ಲಿ. ಎಂಟನೆಯ ಹೆನ್ರಿ ಪೋಪನ ಅಧಿಕಾರವನ್ನು ಕಿತ್ತೆಸೆದು ತಾನೇ ಇಂಗ್ಲೆಂಡಿನ ಚರ್ಚಿನ ಮುಖ್ಯಸ್ಥನಾದ. ಅಂದಿನಿಂದ ರೋಮ್ ಎಂಬುದು ಶತ್ರುವಿನ ಹೆಸರು. 1570ರಲ್ಲಿ ಐದನೆಯ ಪಯಸ್ ಪೋಪ್ ರಾಣಿ ಎಲಿಜಬೆತ್‌ಳನ್ನು ಧರ್ಮದಿಂದ ಬಹಿಷ್ಕರಿಸಿ, ಪ್ರಜೆಗಳು ಅವಳಿಗೆ ವಿಧೇಯರಾಗಿರಬೇಕಾಗಿಲ್ಲ ಎಂದು ಆಜ್ಞೆ ಹೊರಡಿಸಿದ. ಅದೇ 1570ರಲ್ಲಿ ವೆನಿಸ್ಸಿನಲ್ಲಿ ಆಂಡ್ರಿಯಾ ಪಲ್ಲಾಡಿಯೊನ ವಾಸ್ತುಶಿಲ್ಪದ ನಾಲ್ಕು ಪುಸ್ತಕಗಳು ಅಚ್ಚಾದವು. ಅದೇ ಹೊತ್ತಿನಲ್ಲಿ ಎದಿರ್ನೆಯಲ್ಲಿ ಮಿಮಾರ್ ಸಿನಾನ್ ಸೆಲಿಮಿಯೆ ಮಸೀದಿಯ ಗೋಡೆಗಳನ್ನು ಏರಿಸುತ್ತಿದ್ದ. ಅವನ ಒಡೆಯನಾದ ಸುಲ್ತಾನನ ಸೇನೆ ವೆನಿಸ್ಸಿನವರಿಂದ ಸೈಪ್ರಸ್ ಕಸಿದುಕೊಳ್ಳುತ್ತಿತ್ತು. ಮೂರು ಕಡೆಯ ಸೈನಿಕರು ಒಬ್ಬರನ್ನೊಬ್ಬರು ಕೊಲ್ಲಲು ಸಿದ್ಧರಿದ್ದ ಕಾಲದಲ್ಲಿ ಮೂರು ಕಡೆಯ ಕಟ್ಟುವವರು ಒಂದೇ ಪ್ರಾಚೀನ ರೋಮಿನ ಪಾಠವನ್ನು ಓದುತ್ತಿದ್ದರು ಅಥವಾ ಓದಲು ಹೊರಟಿದ್ದರು. ಸಿನಾನ್ ಅದನ್ನು ಓದಿದ್ದು ಇಸ್ತಾಂಬುಲ್‌ನ ಆಯಾ ಸೋಫಿಯಾದ ಗುಮ್ಮಟದ ಕೆಳಗೆ. ಪಲ್ಲಾಡಿಯೊ ಓದಿದ್ದು ರೋಮಿನ ಪಾಳುಗಳ ನಡುವೆ. ಇಂಗ್ಲಿಷರು ಮುಂದೆ ಓದಿದ್ದು ಪಲ್ಲಾಡಿಯೊನ ಪುಸ್ತಕದಲ್ಲಿ.

ಹಾಗಾದರೆ ಪ್ರೊಟೆಸ್ಟಂಟ್ ಇಂಗ್ಲೆಂಡ್ ಕೆಥೋಲಿಕ್ ಇಟಲಿಯಿಂದ, ಅದೂ ವಿಗ್ರಹಾರಾಧಕ ರೋಮನ್ನರ ದೇಗುಲಗಳ ರೂಪವನ್ನು, ಹೇಗೆ ತೆಗೆದುಕೊಂಡಿತು? ನಂಬಿಕೆಯನ್ನು ಬಿಟ್ಟು ರೂಪವನ್ನು ಮಾತ್ರ ಎತ್ತಿಕೊಳ್ಳಲು ಸಾಧ್ಯವೇ? ಈ ಪ್ರಶ್ನೆಯ ಬಿಸಿ ಆ ಕಾಲದ ಜನರಿಗೂ ತಟ್ಟಿತ್ತು. ಕೇಂಬ್ರಿಜ್‌ನ ವೈದ್ಯ ಜಾನ್ ಕೀಸ್‌ನ ಬದುಕು ಇದಕ್ಕೆ ಸಾಕ್ಷಿ. ಈತ ಪಡುವಾದಲ್ಲಿ ಓದಿದವನು, ಶರೀರಶಾಸ್ತ್ರದ ವೆಸೇಲಿಯಸ್‌ನ ಜೊತೆ ಒಂದೇ ಮನೆಯಲ್ಲಿ ಇದ್ದವನು. ಇಬ್ನ್ ಸೀನಾರ ‘ಅಲ್ ಕಾನೂನ್’ ಲ್ಯಾಟಿನ್ ರೂಪದಲ್ಲಿ ಪಾಠವಾಗುತ್ತಿದ್ದ ವಿಶ್ವವಿದ್ಯಾಲಯ ಅದು. ಊರಿಗೆ ಮರಳಿ ತನ್ನ ಹಳೆಯ ಕಾಲೇಜಿಗೆ ಮರುಜೀವ ಕೊಟ್ಟ ಕೀಸ್ ಅಲ್ಲಿ ಮೂರು ಬಾಗಿಲುಗಳನ್ನು ಯೋಜಿಸಿದ. ವಿದ್ಯಾರ್ಥಿ ವಿನಯದ ಬಾಗಿಲಿನಿಂದ ಒಳಬರಬೇಕು, ಸದ್ಗುಣದ ಬಾಗಿಲನ್ನು ಹಾದುಹೋಗಬೇಕು, ಕೊನೆಗೆ ಗೌರವದ ಬಾಗಿಲಿನಿಂದ ಪದವಿಗೆ ಹೊರಡಬೇಕು. ಆ ಕೊನೆಯ ಬಾಗಿಲಿಗೆ ಅವನು ಕೊಟ್ಟ ರೂಪ ರೋಮನ್ನರದು. ಆದರೆ ಹಳೆಯ ಧರ್ಮದ ಕಡೆ ಒಲವುಳ್ಳವನೆಂದು 1572ರ ಡಿಸೆಂಬರಿನಲ್ಲಿ ಅವನು ಜೋಪಾನವಾಗಿಟ್ಟಿದ್ದ ಪೂಜೆಯ ಉಡುಪು, ಸಾಮಗ್ರಿಗಳನ್ನು ಅದೇ ಕಾಲೇಜಿನ ಅಂಗಳದಲ್ಲಿ ಸುಟ್ಟರು. ಮರುವರ್ಷ ಅವನು ತೀರಿಕೊಂಡ. ಗೌರವದ ಬಾಗಿಲು ಅವನ ಸಾವಿನ ನಂತರ, 1575ರ ಸುಮಾರಿಗೆ, ಅವನ ಯೋಜನೆಯಂತೆಯೇ ಎದ್ದು ನಿಂತಿತು. ಅವನ ಬಟ್ಟೆಯನ್ನು ಸಹಿಸದ ಊರು ಅವನ ಬಾಗಿಲನ್ನು ಉಳಿಸಿಕೊಂಡಿತು.

ಬಟ್ಟೆಯನ್ನು ಸುಡುವವರೂ ಬಾಗಿಲಿನ ಕೆಳಗೆ ಹಾದುಹೋಗುತ್ತಾರೆ ಎಂಬುದು ಮನುಷ್ಯ ಸ್ವಭಾವದ ಒಂದು ಮುಖ. ವೈರಿಯ ಚೆಲುವಿಗೆ ನಾವು ಸೋಲುತ್ತೇವೆ, ಸೋತದ್ದನ್ನು ಹೇಳಿಕೊಳ್ಳುವುದಿಲ್ಲ. ಆದರೂ ಇಲ್ಲಿ ಒಂದು ಸತ್ಯವಿದೆ. ಕಂಬದ ಅಳತೆಗೆ ಮತವಿಲ್ಲ. ಅದರ ದಪ್ಪಕ್ಕೂ ಎತ್ತರಕ್ಕೂ ಇರುವ ಸಂಬಂಧ ರೋಮಿನಲ್ಲಿ ಹೇಗೆ ಕಣ್ಣಿಗೆ ಹಿತವೋ ಲಂಡನ್ನಿನಲ್ಲೂ ಹಾಗೆಯೇ ಹಿತ. ದಮಾಸ್ಕಸ್ಸಿನ ಉಮಯ್ಯಾ ಮಸೀದಿಯಲ್ಲಿ, ಕೊರ್ಡೊಬಾದ ಜಾಮಿಯಾ ಮಸೀದಿಯಲ್ಲಿ ರೋಮನ್ ಕಾಲದ ಕಂಬಗಳು ನಿಂತಿವೆ. ಅವುಗಳ ನಡುವೆ ಸಾಲುಗಟ್ಟಿ ನಿಂತವರ ನಮಾಝಿಗೆ ಆ ಕಂಬಗಳಿಂದ ಕುಂದಾಗಲಿಲ್ಲ. ಇತ್ತ, ಸೇಂಟ್ ಪಾಲ್ಸ್ ಕಟ್ಟಿದ ಕ್ರಿಸ್ಟಫರ್ ರೆನ್ 1713ರಲ್ಲಿ ಬರೆದ ವರದಿಯೊಂದರಲ್ಲಿ, ಗಾಥಿಕ್ ಎಂದು ನಾವು ಕರೆಯುವ ಶೈಲಿಯನ್ನು ಸಾರಸೆನ್ ಶೈಲಿ, ಅಂದರೆ ಮುಸ್ಲಿಮರ ಶೈಲಿ, ಎಂದು ಕರೆಯುವುದೇ ಹೆಚ್ಚು ಸರಿ ಎಂಬ ಅಭಿಪ್ರಾಯ ಕೊಟ್ಟ. ಈ ಮಾತು ಎಷ್ಟರಮಟ್ಟಿಗೆ ನಿಜ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಗಾಥಿಕ್ಕನ್ನು ತಮ್ಮ ಕ್ರೈಸ್ತ ಪರಂಪರೆಯ ಹೆಮ್ಮೆಯೆಂದು ತಿಳಿದಿದ್ದವರ ನಡುವೆಯೇ ಒಬ್ಬ ದೊಡ್ಡ ವಾಸ್ತುಶಿಲ್ಪಿ ಹೀಗೆ ಬರೆಯಬಲ್ಲವನಾಗಿದ್ದ ಎಂಬುದು ನಮಗೆ ಮುಖ್ಯ.

ರೂಪ ಯಾರ ಸ್ವತ್ತೂ ಅಲ್ಲ ಎಂದು ಒಪ್ಪಿದ ಮೇಲೆ ಎರವಲಿನ ಋಣ ತೀರಿತೇ? ಇಲ್ಲ. ಮೊದಲ ಋಣ ಕಲಿಸಿದವರದು. ಇನಿಗೊ ಜೋನ್ಸ್ ಲಂಡನ್ನಿನ ಬಟ್ಟೆ ಕೆಲಸಗಾರನೊಬ್ಬನ ಮಗ, ಹುಟ್ಟಿದ್ದು 1573ರಲ್ಲಿ. 1613-14ರಲ್ಲಿ ಅರಂಡೆಲ್ ಪ್ರಭುವಿನ ಜೊತೆ ಇಟಲಿಯಲ್ಲಿ ತಿರುಗಾಡಿದಾಗ ಅವನ ಕೈಯಲ್ಲಿ ಪಲ್ಲಾಡಿಯೊನ ಪುಸ್ತಕವಿತ್ತು. ಅದೇ ಪ್ರತಿ ಇಂದು ಆಕ್ಸ್‌ಫರ್ಡಿನ ವೋಸ್ಟರ್ ಕಾಲೇಜಿನಲ್ಲಿದೆ. ಪುಟದ ಅಂಚುಗಳ ತುಂಬ ಅವನ ಟಿಪ್ಪಣಿಗಳು. ನಲವತ್ತು ದಾಟಿದ, ಆಸ್ಥಾನದಲ್ಲಿ ಆಗಲೇ ಹೆಸರು ಮಾಡಿದ್ದ ಮನುಷ್ಯ ಪುಸ್ತಕವನ್ನು ಕಟ್ಟಡದ ಪಕ್ಕಕ್ಕೆ ಹಿಡಿದು ತಾಳೆ ನೋಡುತ್ತಾನೆ, ಬರೆದುಕೊಳ್ಳುತ್ತಾನೆ. ಇದು ಶಾಗಿರ್ದನ ಅದಬ್. ಉಸ್ತಾದ ಸತ್ತು ಮೂವತ್ತು ವರ್ಷ ದಾಟಿದ್ದರೂ, ಅವನ ಧರ್ಮ ಬೇರೆಯಾಗಿದ್ದರೂ, ಉಸ್ತಾದ ಉಸ್ತಾದನೇ.

ಆದರೆ ಅದೇ ಜೋನ್ಸ್‌ನ ಇನ್ನೊಂದು ಕಥೆಯೂ ಇದೆ. 1620ರಲ್ಲಿ ದೊರೆ ಒಂದನೆಯ ಜೇಮ್ಸ್ ಸ್ಟೋನ್‌ಹೆಂಜ್‌ನ ಕಲ್ಲುಗಳ ಗುಟ್ಟು ಪತ್ತೆಮಾಡಲು ಅವನಿಗೆ ಹೇಳಿದ. ಜೋನ್ಸ್ ಅಳೆದು, ಗೆರೆ ಎಳೆದು, ಅದು ರೋಮನ್ನರು ಕಟ್ಟಿದ ದೇಗುಲ ಎಂಬ ತೀರ್ಮಾನಕ್ಕೆ ಬಂದ. ಅವನ ಶಿಷ್ಯ ಜಾನ್ ವೆಬ್ 1655ರಲ್ಲಿ ಅದನ್ನು ಪುಸ್ತಕವಾಗಿ ಹೊರತಂದ. ಸ್ಟೋನ್‌ಹೆಂಜ್ ರೋಮ್ ಎಂಬ ಊರು ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ನಿಂತಿತ್ತು ಎಂಬುದು ಇಂದು ಎಲ್ಲರಿಗೂ ಗೊತ್ತು. ಜಾಣನಾದ ಜೋನ್ಸ್ ಇಲ್ಲೇಕೆ ಎಡವಿದ? ಕಲ್ಲುಗಳು ಒರಟಾಗಿದ್ದವು, ಆಧಾರಗಳು ಕಡಿಮೆಯಿದ್ದವು ಎಂಬುದು ನಿಜ. ಆದರೆ ಅವನ ಮನಸ್ಸಿನಲ್ಲಿ ಒಂದು ಆಸೆಯೂ ಕೆಲಸ ಮಾಡಿರಬೇಕೆಂದು ನಮಗೆ ಅನ್ನಿಸುತ್ತದೆ. ತಾನು ಹೊರಗಿನಿಂದ ತಂದದ್ದು ಹೊರಗಿನದಲ್ಲ, ಈ ನೆಲದಲ್ಲಿ ಮೊದಲೇ ಇತ್ತು ಎಂದು ತೋರಿಸುವ ಆಸೆ. ಈ ಆಸೆ ಎಲ್ಲ ಸಮುದಾಯಗಳಲ್ಲೂ ಇದೆ. ಜಗತ್ತಿನ ವಿದ್ಯೆಯೆಲ್ಲ ನಮ್ಮ ಗ್ರಂಥಗಳಲ್ಲಿ ಮೊದಲೇ ಇತ್ತು ಎನ್ನುವ ಭಾಷಣವನ್ನು ನಾವು ಮಸೀದಿಯ ಅಂಗಳದಲ್ಲೂ ಕೇಳಿದ್ದೇವೆ, ಮಠದ ಜಗಲಿಯಲ್ಲೂ ಕೇಳಿದ್ದೇವೆ. ಎರವಲನ್ನು ಒಪ್ಪಿಕೊಳ್ಳಲಾಗದ ಮನಸ್ಸು ಚರಿತ್ರೆಯನ್ನೇ ತಿದ್ದಲು ಹೊರಡುತ್ತದೆ.

ಎರಡನೆಯ ಋಣ ಇದಕ್ಕಿಂತ ಭಾರ. ರೂಪ ಎಲ್ಲರದೂ ಆಗಬಹುದು, ಆದರೆ ಕಲ್ಲು ಯಾರದೋ ಒಬ್ಬರದು. ಅದು ಯಾರದೋ ಗೋಡೆಯಿಂದ, ಯಾರದೋ ನೆಲದಿಂದ, ಯಾರದೋ ದುಡಿಮೆಯಿಂದ ಬಂದಿರುತ್ತದೆ. ಇಂಗ್ಲೆಂಡಿನಲ್ಲಿ ಹೊಸ ಶೈಲಿಯ ಮೊದಲ ದೊಡ್ಡ ಅರಮನೆಗಳಲ್ಲಿ ಒಂದು ಸಾಮರ್ಸೆಟ್ ಹೌಸ್. ಬಾಲಕ ದೊರೆ ಆರನೆಯ ಎಡ್ವರ್ಡ್‌ನ ಹೆಸರಿನಲ್ಲಿ ಆಳುತ್ತಿದ್ದ ಸಾಮರ್ಸೆಟ್ ಪ್ರಭು 1547ರ ಸುಮಾರಿಗೆ ಅದನ್ನು ಆರಂಭಿಸಿದ. ಜಾಗಕ್ಕಾಗಿ ಸ್ಟ್ರ್ಯಾಂಡ್ ಬೀದಿಯ ಸೇಂಟ್ ಮೇರಿ ಚರ್ಚನ್ನು ಕೆಡವಲಾಯಿತು. ಕಲ್ಲಿಗಾಗಿ ಕ್ಲರ್ಕನ್‌ವೆಲ್‌ನ ಮಠದ ಚರ್ಚನ್ನು ಸಿಡಿಮದ್ದಿಟ್ಟು ಉರುಳಿಸಲಾಯಿತು. ಸೇಂಟ್ ಪಾಲ್ಸ್‌ನ ಸ್ಮಶಾನದ ಸುತ್ತಲಿದ್ದ ಮೊಗಸಾಲೆಯನ್ನೂ, ಸತ್ತವರ ಎಲುಬುಗಳನ್ನು ಇಟ್ಟಿದ್ದ ಮನೆಯನ್ನೂ ಒಡೆಯಲಾಯಿತು. ಅಲ್ಲಿಂದ ಸಾವಿರಕ್ಕೂ ಹೆಚ್ಚು ಬಂಡಿ ಎಲುಬುಗಳನ್ನು ಊರಾಚೆಯ ಬಯಲಿಗೆ ಸಾಗಿಸಿದರೆಂದು ಲಂಡನ್ನಿನ ಚರಿತ್ರೆ ಬರೆದ ಜಾನ್ ಸ್ಟೋ ಹೇಳುತ್ತಾನೆ. ಹೀಗೆ ಎದ್ದ ಅರಮನೆಯಲ್ಲಿ ಸಾಮರ್ಸೆಟ್ ನೆಮ್ಮದಿಯಿಂದ ಬಾಳಲಿಲ್ಲ. 1552ರಲ್ಲಿ ಅವನ ತಲೆ ಹೋಯಿತು. ಚರ್ಚು ಕಳೆದುಕೊಂಡ ಮೊಹಲ್ಲಾದ ಜನರಿಗೆ ತಮ್ಮದೇ ಚರ್ಚು ಮತ್ತೆ ಎದ್ದದ್ದು 1714-17ರಲ್ಲಿ. ಅದನ್ನು ಕಟ್ಟಿದವನು ರೋಮಿನಲ್ಲಿ ಓದಿ ಬಂದ ಕೆಥೋಲಿಕ್ ಜೇಮ್ಸ್ ಗಿಬ್ಸ್. ಕಟ್ಟಿದ್ದು ರೋಮನ್ ಶೈಲಿಯಲ್ಲೇ. ಜನ ಆ ಶೈಲಿಯ ಮೇಲೆ ಹಗೆ ಸಾಧಿಸಲಿಲ್ಲ. ಅವರಿಂದ ಕಸಿದದ್ದು ಚರ್ಚು, ಅವರಿಗೆ ಬೇಕಾಗಿದ್ದುದೂ ಚರ್ಚು.

ಜೋನ್ಸ್‌ನೂ ಈ ಲೆಕ್ಕದಿಂದ ಪಾರಾಗಲಿಲ್ಲ. 1633ರಿಂದ ಅವನು ಹಳೆಯ ಸೇಂಟ್ ಪಾಲ್ಸ್ ಚರ್ಚಿನ ಜೀರ್ಣೋದ್ಧಾರಕ್ಕೆ ಕೈಹಾಕಿ, ದೊರೆ ಒಂದನೆಯ ಚಾರ್ಲ್ಸ್‌ನ ಹಣದಲ್ಲಿ ಪಡುವಣ ದಿಕ್ಕಿಗೆ ಭಾರಿ ಕಂಬಗಳ ಮುಖಮಂಟಪ ಕಟ್ಟಿಸಿದ. ಅದರ ಪಕ್ಕಕ್ಕೆ ಅಂಟಿಕೊಂಡಿದ್ದ ಸೇಂಟ್ ಗ್ರೆಗರಿ ಎಂಬ ಚಿಕ್ಕ ಚರ್ಚು ಹೊಸ ಅಂದಕ್ಕೆ ಅಡ್ಡಿಯಾಯಿತು. ಅದರ ಒಂದು ಭಾಗವನ್ನು ಕೆಡವಿಸಿದ. ಉಳಿದದ್ದನ್ನು ನೀವೇ ಕೆಡವದಿದ್ದರೆ ಬೇಡಿ ಹಾಕಿಸುತ್ತೇನೆ ಎಂದು ಹೆದರಿಸಿದನೆಂದು ಅಲ್ಲಿನ ಜನ ಪಾರ್ಲಿಮೆಂಟಿಗೆ ದೂರು ಕೊಟ್ಟರು. 1641ರಲ್ಲಿ ಪ್ರಭುಗಳ ಸಭೆಯ ಮುಂದೆ ಅವನು ಉತ್ತರ ಹೇಳಬೇಕಾಯಿತು. ಈ ಕೆಲಸದಲ್ಲಿ ತಾನೊಬ್ಬನೇ ದೊರೆಯಾಗಿರಬೇಕೆಂದು ಹೇಳಿದನೆಂಬುದೂ ಅವನ ಮೇಲಿನ ಆರೋಪಗಳಲ್ಲಿ ಒಂದು. ಅಳತೆ ಬಲ್ಲ ಮನುಷ್ಯ ತನ್ನ ಅಧಿಕಾರದ ಅಳತೆಯನ್ನು ಮರೆತಿದ್ದ ಎಂಬುದೇ ಬಡ ಚರ್ಚಿನವರ ದೂರಿನ ಸಾರ.

ಇಲ್ಲಿಗೆ ನಾವು ಮೂರನೆಯ ಮಾತಿಗೆ ಬರುತ್ತೇವೆ. ಈ ಶೈಲಿ ಬರೀ ಅಲಂಕಾರವಲ್ಲ. ಅದು ಒಂದು ಮಾತು ಕೊಡುತ್ತದೆ. ಪ್ರತಿಯೊಂದು ಭಾಗಕ್ಕೂ ಅದರ ಪಾಲು ಸಲ್ಲಬೇಕು, ಯಾವುದೂ ಮಿತಿ ಮೀರಬಾರದು ಎಂಬುದು ಅದರ ತಿರುಳು. ವೈಟ್‌ಹಾಲ್‌ನಲ್ಲಿ 1619ರಿಂದ 1622ರವರೆಗೆ ಜೋನ್ಸ್ ಕಟ್ಟಿದ ಬ್ಯಾಂಕ್ವೆಟಿಂಗ್ ಹೌಸ್‌ನ ಸಭಾಂಗಣ 110 ಅಡಿ ಉದ್ದ, 55 ಅಡಿ ಅಗಲ, 55 ಅಡಿ ಎತ್ತರ. ಎರಡು ಸಮಘನಗಳನ್ನು ಪಕ್ಕಪಕ್ಕ ಇಟ್ಟಂತೆ. ನಮ್ಮಲ್ಲಿ ಕುರ್‌ಆನ್ ಓದುವವರಿಗೆ ಸೂರಃ ಅರ್ರಹ್ಮಾನಿನ ‘ಮೀಝಾನ್’ ಎಂಬ ಪದ ಗೊತ್ತು. ಆಕಾಶದ ವ್ಯವಸ್ಥೆಗೂ ಅಂಗಡಿಯ ತಕ್ಕಡಿಗೂ ಅಲ್ಲಿ ಒಂದೇ ಪದ. ಕಣ್ಣಿಗೆ ಹಿತವಾದ ಅಳತೆಯೂ ಕೈಯಿಂದ ಆಗಬೇಕಾದ ನ್ಯಾಯವೂ ಬೇರೆ ಬೇರೆಯಲ್ಲ ಎಂಬ ತಿಳಿವಳಿಕೆ ಅದರಲ್ಲಿದೆ.

ಚಾರ್ಲ್ಸ್ ದೊರೆ ಕಣ್ಣಿನ ಅಳತೆಯನ್ನು ಒಪ್ಪಿ, ಕೈಯ ಅಳತೆಯನ್ನು ಬಿಟ್ಟ. 1629ರಿಂದ 1640ರವರೆಗೆ ಅವನು ಪಾರ್ಲಿಮೆಂಟನ್ನು ಕರೆಯಲೇ ಇಲ್ಲ. ಅದರ ಒಪ್ಪಿಗೆಯಿಲ್ಲದೆ ಹಡಗುಗಳ ಹೆಸರಿನಲ್ಲಿ ಕಂದಾಯ ಎತ್ತಿದ. ಅದೇ ವರ್ಷಗಳಲ್ಲಿ ಜೋನ್ಸ್‌ನ ರಂಗಸಜ್ಜಿಕೆಯ ಆಸ್ಥಾನ ನಾಟಕಗಳಲ್ಲಿ, ದೊರೆ ಕಾಣಿಸಿಕೊಂಡ ಕೂಡಲೇ ಲೋಕದ ಗದ್ದಲವೆಲ್ಲ ಅಡಗಿ ಸಾಮರಸ್ಯ ಮೂಡುತ್ತಿತ್ತು. ತನ್ನ ತಂದೆ ಜೇಮ್ಸ್‌ನನ್ನು ಸ್ವರ್ಗಕ್ಕೆ ಏರಿಸುವ ಚಿತ್ರಗಳನ್ನು ಬರೆಯಲು ಅವನು ರೂಬೆನ್ಸ್‌ನಿಗೆ 3,000 ಪೌಂಡ್ ಕೊಟ್ಟ. 1636ರಲ್ಲಿ ಆ ಚಿತ್ರಗಳು ಬ್ಯಾಂಕ್ವೆಟಿಂಗ್ ಹೌಸ್‌ನ ಚಾವಣಿಗೆ ಏರಿದವು. ದೀಪಗಳ ಹೊಗೆ ತಗುಲೀತೆಂದು ಅಲ್ಲಿ ನಾಟಕ ಆಡುವುದನ್ನು ನಿಲ್ಲಿಸಲಾಯಿತು. ಚಿತ್ರಕ್ಕೆ ಹೊಗೆ ತಾಗದಂತೆ ನೋಡಿಕೊಂಡ ದೊರೆಗೆ ನಾಡಿನ ಹೊಗೆ ಕಾಣಲಿಲ್ಲ. ಅಂತರ್ಯುದ್ಧ ಬಂತು. 1645ರಲ್ಲಿ ಬೇಸಿಂಗ್ ಹೌಸ್ ಕೋಟೆ ಬಿದ್ದಾಗ ಮುದುಕ ಜೋನ್ಸ್‌ನನ್ನು ಬಟ್ಟೆ ಕಿತ್ತುಕೊಂಡು, ಕಂಬಳಿಯಲ್ಲಿ ಸುತ್ತಿ ಹೊರಗೆ ಒಯ್ದರು. 1649ರ ಜನವರಿ 30ರಂದು ಚಾರ್ಲ್ಸ್ ಅದೇ ಬ್ಯಾಂಕ್ವೆಟಿಂಗ್ ಹೌಸ್‌ನ ಚಾವಣಿಯ ಕೆಳಗೆ ನಡೆದು, ಕಿಟಕಿಯ ದಾರಿಯಿಂದ ಹೊರಗಿನ ವಧಾವೇದಿಕೆಗೆ ಕಾಲಿಟ್ಟ. ಆ ತೀರ್ಪಿನಲ್ಲಿ ನ್ಯಾಯವೆಷ್ಟು, ಸೈನ್ಯದ ಬಲವೆಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮಾಡಿದ್ದಕ್ಕೆ ದೊರೆಯೂ ಉತ್ತರ ಹೇಳಬೇಕು ಎಂಬ ಮಾತು ಮಾತ್ರ ಆ ಅಳತೆಗೊಂಡ ಗೋಡೆಯ ಮುಂದೆಯೇ ನಡೆದುಹೋಯಿತು.

ಹೀಗೆ ಕಲ್ಲಿನ ಲೆಕ್ಕ ಕೇಳುತ್ತ ಹೋದರೆ ಜಗತ್ತಿನ ಯಾವ ಕಟ್ಟಡ ತಾನೇ ಉಳಿದೀತು ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ರೆನ್‌ನ ಸೇಂಟ್ ಪಾಲ್ಸ್‌ಗೆ ಹಣ ಬಂದದ್ದು ಲಂಡನ್ನಿಗೆ ಬರುವ ಕಲ್ಲಿದ್ದಲಿನ ಮೇಲಿನ ತೆರಿಗೆಯಿಂದ. ಚಳಿಗಾಲದಲ್ಲಿ ಒಲೆ ಹಚ್ಚಿದ ಬಡವನೂ ಅದಕ್ಕೆ ಪಾಲು ಕೊಟ್ಟಿದ್ದಾನೆ. 1759ರಲ್ಲಿ ಆರಂಭವಾದ ಹೇರ್‌ವುಡ್ ಹೌಸ್‌ನ ಹಿಂದೆ ವೆಸ್ಟ್ ಇಂಡೀಸ್‌ನ ಕಬ್ಬಿನ ತೋಟಗಳಲ್ಲಿ ದುಡಿದ ಗುಲಾಮರ ಬೆವರಿದೆ. ಬಂಗಾಳದಲ್ಲಿ ಕಂಪೆನಿಯ ಅಧಿಕಾರಿಯಾಗಿ ಸಂಪತ್ತು ಗಳಿಸಿದ ಫ್ರಾನ್ಸಿಸ್ ಸೈಕ್ಸ್ 1776ರಿಂದ ಕಟ್ಟಿಸಿದ ಬ್ಯಾಸಿಲ್ಡನ್ ಪಾರ್ಕ್ ಪಲ್ಲಾಡಿಯೊನ ಮಾದರಿಯದು. ಲೆಕ್ಕ ಅವರದು ಮಾತ್ರ ಎಂದು ನಾವು ಹಾಯಾಗಿ ಕೂರುವಂತಿಲ್ಲ. ಕೊರ್ಡೊಬಾದ ಕಂಬಗಳ ಬಗ್ಗೆ ಹೆಮ್ಮೆಯಿಂದ ಮಾತನಾಡುವ ನಾವು ದಿಲ್ಲಿಯ ಕುತುಬ್ ಆವರಣದ ಮಸೀದಿಯ ಬಗ್ಗೆಯೂ ಮಾತನಾಡಬೇಕು. 27 ದೇವಾಲಯಗಳ ಸಾಮಗ್ರಿಯಿಂದ ಅದನ್ನು ಕಟ್ಟಲಾಯಿತೆಂದು ಅದರದೇ ಶಾಸನ ಹೇಳುತ್ತದೆ. ಆ ಕಲ್ಲನ್ನು ಕೊಟ್ಟವರು ಇಷ್ಟಪಟ್ಟು ಕೊಟ್ಟದ್ದಲ್ಲ. ಇದನ್ನು ಒಪ್ಪಿಕೊಳ್ಳುವುದರಿಂದ ನಮ್ಮ ಈಮಾನಿಗೆ ಯಾವ ನಷ್ಟವೂ ಇಲ್ಲ. ಮುಚ್ಚಿಡುವುದರಿಂದ ಮಾತ್ರ ನಷ್ಟವಿದೆ.

ಆದರೆ ಲೆಕ್ಕ ಬೇರೆ, ಸೇಡು ಬೇರೆ. ಲೆಕ್ಕ ಇಡುವವನು ಯಾರಿಂದ ಏನು ಬಂತು, ಯಾರಿಗೆ ಏನು ಸಲ್ಲಬೇಕು ಎಂದು ಬರೆದಿಡುತ್ತಾನೆ. ಸೇಡು ತೀರಿಸುವವನು ಸತ್ತವರ ಸಾಲವನ್ನು ಬದುಕಿರುವವರಿಂದ ವಸೂಲು ಮಾಡುತ್ತಾನೆ. ಹಾಗೆ ಮಾಡುವಾಗ ಸಾಮರ್ಸೆಟ್ ಮಾಡಿದ್ದನ್ನೇ ಇನ್ನೊಮ್ಮೆ ಮಾಡುತ್ತಾನೆ. 1992ರ ಡಿಸೆಂಬರನ್ನು ಕಂಡ ಪೀಳಿಗೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟಡ ಕೆಡವಿ ನ್ಯಾಯ ತಂದ ಉದಾಹರಣೆ ಇಂಗ್ಲೆಂಡಿನ ಈ ನೂರೈವತ್ತು ವರ್ಷಗಳ ಕಥೆಯಲ್ಲಿ ನಮಗೆ ಒಂದೂ ಸಿಗಲಿಲ್ಲ. ಸೇಂಟ್ ಗ್ರೆಗರಿಯವರು ಜೋನ್ಸ್‌ನ ಕಂಬಗಳನ್ನು ಉರುಳಿಸಲು ಹೋಗಲಿಲ್ಲ. ದೂರು ಕೊಟ್ಟರು, ವಾದಿಸಿದರು, ತಮ್ಮ ಚರ್ಚನ್ನು ಮತ್ತೆ ಕಟ್ಟಿಸಿಕೊಂಡರು. 1666ರ ಮಹಾ ಬೆಂಕಿ ದೊಡ್ಡ ಚರ್ಚು, ಚಿಕ್ಕ ಚರ್ಚು ಎಂದು ನೋಡದೆ ಎರಡನ್ನೂ ಸುಟ್ಟಿತು, ಅದು ಬೇರೆ ಮಾತು.

ಆ ಕಂಬಗಳು ಹಡಗು ಹತ್ತಿ ನಮ್ಮಲ್ಲಿಗೂ ಬಂದಿವೆ. ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ 1868ರಲ್ಲಿ ಮುಗಿದ ಕೆಂಪು ಕಟ್ಟಡದ ಸಾಲುಗಂಬಗಳು ಗ್ರೀಕರವು, ಕಟ್ಟಿಸಿದವರು ಇಂಗ್ಲಿಷರು, ‘ಅಠಾರಾ ಕಚೇರಿ’ ಎಂಬ ಹೆಸರು ಹದಿನೆಂಟು ಇಲಾಖೆಗಳಿದ್ದುದರಿಂದ ಬಂದ ಉರ್ದು ಮಾತು, ಒಳಗೆ ಕೂತಿರುವುದು ಕರ್ನಾಟಕದ ಹೈಕೋರ್ಟು. ಅದು ಯಾರದು ಎಂದು ಕೇಳಿದರೆ ನಾಲ್ಕು ಉತ್ತರ ಬರುತ್ತದೆ, ನಾಲ್ಕೂ ಸರಿ. ಹಳ್ಳಿಯಿಂದ ಬಸ್ಸು ಹತ್ತಿ ಬಂದು, ಕಾಗದದ ಕಟ್ಟು ಹಿಡಿದು ಆ ಕಂಬಗಳ ಕೆಳಗೆ ನಿಲ್ಲುವ ಕಕ್ಷಿದಾರನಿಗೆ ಅವು ಡೋರಿಕ್ಕೋ ಅಯಾನಿಕ್ಕೋ ಎಂಬುದು ಬೇಕಾಗಿಲ್ಲ. ತನ್ನ ಹಕ್ಕು ತನಗೆ ಸಿಗುತ್ತದೆಯೇ ಎಂಬುದು ಅವನ ಪ್ರಶ್ನೆ. ಎರವಲು ತಂದ ಕಂಬ ನಮ್ಮದಾಯಿತೋ ಇಲ್ಲವೋ ಎಂಬುದು ಅವನಿಗೆ ಸಿಗುವ ಉತ್ತರದಲ್ಲಿದೆ.